ಊರಿಗೆಲ್ಲ ಕೇಳಿಸಿದ ಮಾತು

ಬಸ್ ನಿಲ್ದಾಣದ ನಡುವೆ ಇರುವ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು, ಯಾವುದು ಇನ್ನೂ ಬಂದಿಲ್ಲ ಎಂದು ಸಾರುವುದು ಅವಳ ಕೆಲಸ. ಡ್ರೈವರು, ಕಂಡಕ್ಟರು, ಪೇಪರ್ ಅಂಗಡಿಯವನು, ಎಲ್ಲರಿಗೂ ಅವಳು ಮೈಕಮ್ಮ. ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಬಸ್ಸು ಕೆಟ್ಟು ನಿಂತಿರಲಿ, ದಾರಿಗೆ ಮರ ಅಡ್ಡ ಬಿದ್ದಿರಲಿ, ಅವಳ ದನಿ ಒಂದಿಷ್ಟೂ ಅಲುಗುತ್ತಿರಲಿಲ್ಲ. "ತಡವಾಗಿ ಬರಲಿದೆ" ಎಂಬ ಮಾತನ್ನು ಅವಳು ಎಷ್ಟು ಹಿತವಾಗಿ ಹೇಳುತ್ತಿದ್ದಳೆಂದರೆ, ಜಗಳಕ್ಕೆಂದು ಎದ್ದವರೂ ಮತ್ತೆ ಬೆಂಚಿನ ಮೇಲೆ ಕೂರುತ್ತಿದ್ದರಂತೆ. ಹಾಗಂತ ಹೇಳುತ್ತಿದ್ದವಳು ಅವಳೇ. ಬೇರೆ ಯಾರ ಬಾಯಲ್ಲೂ ಆ ಮಾತು ಬಂದದ್ದನ್ನು ಕೇಳಿದವರಿಲ್ಲ.

ಕೆಲಸದಿಂದ ಅಂಟಿಕೊಂಡ ಒಂದು ಚಾಳಿ ಮಾತ್ರ ಅವಳನ್ನು ಮನೆಯವರೆಗೂ ಹಿಂಬಾಲಿಸಿ ಬಂದಿತ್ತು. ಪ್ರಕಟಣೆಯನ್ನು ಎರಡು ಸಲ ಹೇಳಬೇಕೆಂಬುದು ನಿಲ್ದಾಣದ ನಿಯಮ. ಹೇಳಿ ಹೇಳಿ ಅವಳಿಗೆ ಎಲ್ಲವೂ ಎರಡು ಸಲವೇ ಆಗಿಬಿಟ್ಟಿತ್ತು. ಬಾಗಿಲ ಚಿಲಕ ಎರಡು ಸಲ, ಗ್ಯಾಸ್ ಆರಿಸಿದ್ದು ಎರಡು ಸಲ, ಊಟಕ್ಕೆ ಕರೆಯುವುದು ಎರಡು ಸಲ. "ಒಂದು ಸಲ ಸಾಕು ಮಾರಾಯ್ತಿ, ಇಲ್ಲಿರೋ ಪ್ರಯಾಣಿಕ ನಾನೊಬ್ಬನೇ" ಎನ್ನುತ್ತಿದ್ದ ಗಂಡ. ಮಕ್ಕಳಿಲ್ಲದ ಮನೆ. ಆ ಒಬ್ಬ ಪ್ರಯಾಣಿಕನನ್ನೇ ಕರೆದು ಕರೆದು ಅವಳು ಇಷ್ಟು ವರ್ಷ ಸಂಸಾರ ಮಾಡಿದ್ದಳು.

ಗಂಡ ಅದೇ ನಿಲ್ದಾಣದ ಹಿಂದಿರುವ ಡಿಪೋದಲ್ಲಿ ಬಸ್ಸುಗಳ ಟೈರು ಬಿಚ್ಚಿ ಹಾಕುವವನು. ಅಲ್ಲಿ ಅವನಿಗೆ ಟೈರಣ್ಣ ಎಂದು ಹೆಸರು. ಆಳೆತ್ತರದ ಚಕ್ರವನ್ನು ಮಗುವನ್ನು ನಡೆಸುವ ಹಾಗೆ ಒಂದೇ ಕೈಯಲ್ಲಿ ಉರುಳಿಸಿಕೊಂಡು ಹೋಗುತ್ತಿದ್ದ. ಅಂಥವನು ಸೊಂಟ ಹಿಡಿದುಕೊಂಡು ನರಳತೊಡಗಿದ. ಟೈರು ಎತ್ತುವವನಿಗೆ ಬೆನ್ನು ನೋಯದೆ ಇನ್ನಾರಿಗೆ ನೋಯಬೇಕು ಎಂದು ಎಲ್ಲರೂ ಅಂದರು. ಅವಳೂ ಅಂದಳು, ಎರಡು ಸಲ. ನರಳಾಟ ಕೇಳಿ ಕೇಳಿ ಸಾಕಾಗಿ, ಏನೂ ಆಗಿಲ್ಲ ಎಂದು ಡಾಕ್ಟರ ಬಾಯಿಂದಲೇ ಹೇಳಿಸಿಬಿಡೋಣವೆಂದು ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಒಂದು ಕಡೆ ಕುಸಿದಿತ್ತು. ಆಮೇಲೆ ರಕ್ತ ತೆಗೆದರು, ಮತ್ತೆ ರಕ್ತ ತೆಗೆದರು, ಸೊಂಟದ ಮೂಳೆಯೊಳಗಿಂದ ಮಜ್ಜೆ ತೆಗೆದರು. ಕೊನೆಗೆ ವಯಸ್ಸಿನಲ್ಲಿ ಚಿಕ್ಕವಳಾದ ಒಬ್ಬ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಇದು ರಕ್ತ ಹುಟ್ಟುವ ಮಜ್ಜೆಯ ಕಾಯಿಲೆ, ಒಂದು ಬಗೆಯ ರಕ್ತದ ಕ್ಯಾನ್ಸರ್ ಎಂದಳು. ವಾರಕ್ಕೊಮ್ಮೆ ಬಂದು ಇಂಜೆಕ್ಷನ್ ತೆಗೆದುಕೊಳ್ಳಬೇಕು, ಮಾತ್ರೆ ನುಂಗಬೇಕು, ಟೈರು ಮುಟ್ಟುವ ಹಾಗಿಲ್ಲ. "ಪೂರ್ತಿ ಹೋಗಿಬಿಡುತ್ತೆ ಅಂತ ಹೇಳಲ್ಲ. ಆದರೆ ಹತೋಟಿಯಲ್ಲಿ ಇಡಬಹುದು. ಎಷ್ಟೋ ಜನ ವರ್ಷಗಟ್ಟಲೆ ಚೆನ್ನಾಗಿದ್ದಾರೆ" ಎಂದಳು.

ಆ ಹೊತ್ತಿಗೆ ಮೈಕಮ್ಮನ ತಲೆಯಲ್ಲಿ ಏನು ಓಡುತ್ತಿತ್ತು? ಹೊರಗಿನ ಹಾಲಿನಲ್ಲಿ ಟೋಕನ್ ಸಂಖ್ಯೆ ಕೂಗುತ್ತಿದ್ದ ನರ್ಸು ಪ್ರತಿ ಸಂಖ್ಯೆಯ ಬಾಲವನ್ನೂ ನುಂಗಿಹಾಕುತ್ತಾಳಲ್ಲ, ಈ ಹುಡುಗಿಗೆ ಯಾರೂ ಹೇಳಿಕೊಟ್ಟಿಲ್ಲವೆ, ಎಂದು. ಗಂಡನಿಗೆ ಕ್ಯಾನ್ಸರ್ ಎಂದು ಕೇಳಿದ ಹೆಂಡತಿಯ ತಲೆಯಲ್ಲಿ ಇರಬೇಕಾದ ಯೋಚನೆ ಇದಲ್ಲ ಎಂದು ಅವಳಿಗೇ ಅನ್ನಿಸಿತು. ಏನಾದರೂ ಕೇಳಬೇಕಲ್ಲ ಎಂದು ಬಾಯಿ ತೆರೆದರೆ, ಕೆಲಸದ ದನಿಯೇ ಹೊರಗೆ ಬಂತು.

"ಅಂದಾಜು ಎಷ್ಟು ತಡವಾಗಬಹುದು ಡಾಕ್ಟ್ರೇ?"

"ಯಾವುದು?" ಎಂದಳು ಡಾಕ್ಟರಮ್ಮ.

ಯಾವುದು ಎಂದು ಅವಳಿಗೂ ಗೊತ್ತಿರಲಿಲ್ಲ. ಟೈರಣ್ಣ ಹೆಂಡತಿಯ ಕಡೆ ನೋಡಿ ನಕ್ಕ. "ನಾನು ಹೊರಡೋದು ಅಂತ ಕೇಳ್ತಿದ್ದಾಳೆ" ಎಂದ. ಡಾಕ್ಟರಮ್ಮ ನಗಲಿಲ್ಲ. ಮೈಕಮ್ಮನಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗೋಣ ಎನ್ನಿಸಿತು.

ಬಸ್ಸಿನಲ್ಲಿ ಮನೆಗೆ ಬರುವಾಗ ಅವನು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ, "ಯಾರಿಗೂ ಹೇಳಬೇಡ."

"ಅಂದ್ರೆ?"

"ಅಂದ್ರೆ ಯಾರಿಗೂ. ನಿನ್ನ ತಂಗಿಗೂ ಬೇಡ. ಡಿಪೋದವರಿಗಂತೂ ಬೇಡವೇ ಬೇಡ. ಜನ ಒಂಥರಾ ಮುಖ ಮಾಡ್ಕೊಂಡು ನೋಡ್ತಾರೆ ಕಣೇ. ಗುಜರಿಗೆ ಹೋಗೋ ಬಸ್ಸನ್ನ ನಾವೆಲ್ಲ ನಿಂತು ನೋಡ್ತೀವಲ್ಲ, ಹಾಗೆ. ಕಾಯಿಲೆ ಹೇಗೋ ತಡ್ಕೋತೀನಿ, ಆ ಮುಖ ನನ್ನಿಂದ ತಡಿಯಕ್ಕಾಗಲ್ಲ. ಮಾತು ಕೊಡು."

ಅವಳು ಅವನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ಬಾಯಿಗೆ ಬೀಗ ಹಾಕಿಕೊಳ್ಳುವುದು ಅವಳಿಗೇನು ಕಷ್ಟ? ಊರಿಗೆ ಕೂಗಿ ಹೇಳುವುದು ಯಾವುದು, ಹೇಳಬಾರದ್ದು ಯಾವುದು ಎಂಬ ವಿವೇಚನೆಯಿಂದಲೇ ಅವಳು ಇಷ್ಟು ವರ್ಷ ಅನ್ನ ತಿಂದವಳು. ಹಾಗೆಂದು ಅವಳು ನಂಬಿದ್ದಳು.

ಸುಳ್ಳು ಹೇಳುವ ಕಷ್ಟವೂ ಬರಲಿಲ್ಲ. ಬೆನ್ನುನೋವು ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಅದು ನಿಜವೂ ಆಗಿತ್ತು. ಆ ನಿಜದ ಮುಂದಿನ ಅರ್ಧವನ್ನು ಹೇಳದಿದ್ದರೆ ಆಯಿತು. ಟೈರಣ್ಣ ರಜೆ ಹಾಕಿದ. ಜನರ ಪ್ರೀತಿ ಬೆನ್ನಿನ ಮೇಲೆ ಬಂದು ಬಿತ್ತು. ಡಿಪೋದಿಂದ ಸೊಂಟದ ಪಟ್ಟಿ ಬಂತು, ಪಕ್ಕದ ಮನೆಯಿಂದ ಇನ್ನೊಂದು ಪಟ್ಟಿ ಬಂತು, ಬಿಸಿನೀರಿನ ಚೀಲಗಳು ಬಂದವು, ಒಬ್ಬ ಡ್ರೈವರು ತಾನು ಮಲಗುವ ಹಲಗೆಯನ್ನೇ ಹೊತ್ತು ತಂದು ಕೊಟ್ಟ. ಅವರಲ್ಲಿ ಒಬ್ಬ ದಪ್ಪ ಕಂಡಕ್ಟರಂತೂ ಟೈರಣ್ಣನ ಜೀವದ ಗೆಳೆಯ. ಅವನು ಮನೆಗೆ ಬಂದು ಬೆನ್ನು ತಿಕ್ಕುತ್ತೇನೆಂದು ತೋಳು ಮಡಚಿ ನಿಂತಾಗ, ಮೂಳೆ ಮುರಿದೀತೆಂದು ಮೈಕಮ್ಮ ನಡುವೆ ಹಾರಿ, "ಅವರಿಗೆ ಕಚಗುಳಿ!" ಎಂದು ಕಿರುಚಿದಳು. ಅಷ್ಟು ಕೆಟ್ಟ ನೆವವನ್ನು ಅವಳು ಜನ್ಮದಲ್ಲಿ ಹೇಳಿರಲಿಲ್ಲ. ಕಂಡಕ್ಟರು ಗೆಳೆಯನನ್ನು ಹೊಸಬನನ್ನು ನೋಡಿದ ಹಾಗೆ ನೋಡಿ ಎದ್ದುಹೋದ.

ಅವಳ ಕಷ್ಟವೇನೆಂದರೆ, ಗಂಡ ಸಂತೋಷವಾಗಿದ್ದ. ಆಸ್ಪತ್ರೆಯಲ್ಲಿ ನರ್ಸುಗಳನ್ನು ನಗಿಸುತ್ತಿದ್ದ. ಬಚ್ಚಲಲ್ಲಿ ಶಿಳ್ಳೆ ಹಾಕುತ್ತಿದ್ದ. ಹೊಟ್ಟೆಗೆ ಇಂಜೆಕ್ಷನ್ ಚುಚ್ಚುವಾಗ, "ಗಾಳಿ ಎಷ್ಟು ತುಂಬಬೇಕು ನೋಡ್ಕೊಂಡು ತುಂಬಮ್ಮ" ಎನ್ನುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಚೀಲದ ಜಿಪ್ಪನ್ನು ಎಳೆಯುತ್ತಾ ಮುಚ್ಚುತ್ತಾ ಇರುತ್ತಿದ್ದಳು. ಅವನಿಗೆ ಇಷ್ಟು ಧೈರ್ಯವಿರುವಾಗ ತಾನು ಅಳುವುದು ಹೇಗೆ? ಅಳಬೇಕೆನ್ನಿಸಿದಾಗಲೆಲ್ಲ ಕಪಾಟಿನ ನೆತ್ತಿ ಒರೆಸಿದಳು. ಆ ಮನೆಯ ಕಪಾಟುಗಳ ನೆತ್ತಿ ಅಷ್ಟು ಚೊಕ್ಕಟವಾಗಿ ಎಂದೂ ಇರಲಿಲ್ಲ.

ಅದು ಸಾಲದೆಂಬಂತೆ ಅವನು ಅವಳಿಗೆ ಪಾಠ ಶುರು ಮಾಡಿದ. ನಲ್ಲಿಯ ವಾಷರ್ ಬದಲಿಸುವುದು, ನೀರಿನ ಮೋಟಾರಿಗೆ ಗಾಳಿ ಹಿಡಿದರೆ ಬಿಡಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಫ್ಯೂಸ್ ಕಟ್ಟುವುದು. ಅವರದು ಹಳೆಯ ಮನೆ, ಸುಮ್ಮಸುಮ್ಮನೆ ಫ್ಯೂಸ್ ಹೋಗುತ್ತಿತ್ತು. "ಇದೇನು ಬ್ರಹ್ಮವಿದ್ಯೆಯಲ್ಲ, ಕಲ್ತ್ಕೋ. ನಾಳೆ ಉಪಯೋಗಕ್ಕೆ ಬರುತ್ತೆ" ಎನ್ನುತ್ತಿದ್ದ. ಆ ನಾಳೆ ಎಂಬುದು ಯಾವ ನಾಳೆ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳು ತಂತಿಯನ್ನು ತಪ್ಪು ತಿರುಪಿಗೆ ಸುತ್ತುತ್ತಿದ್ದಳು, ತಿರುಪನ್ನು ಕೆಳಗೆ ಬೀಳಿಸುತ್ತಿದ್ದಳು, ಸ್ಕ್ರೂಡ್ರೈವರನ್ನು ಚಮಚದ ಹಾಗೆ ಹಿಡಿಯುತ್ತಿದ್ದಳು. ಅವನು ಸ್ಟೂಲಿನ ಮೇಲೆ ಕೂತು ತಲೆ ಚಚ್ಚಿಕೊಂಡು, ಮತ್ತೆ ಮೊದಲಿಂದ ಹೇಳಿಕೊಡುತ್ತಿದ್ದ.

ಆ ವಾರವೇ ನಿಲ್ದಾಣಕ್ಕೆ ಹೊಸ ಮೈಕು ಬಂತು. ಹಳೆಯದರಲ್ಲಿ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ದನಿ ಹೊರಗೆ ಹೋಗುತ್ತಿತ್ತು, ಬೆರಳು ತೆಗೆದರೆ ತಾನಾಗಿ ಬಂದ್. ಹೊಸದರಲ್ಲಿ ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಅದನ್ನು ಕೂರಿಸಲು ಬಂದವನು, "ಒಂದೇ ಸಲ ಒತ್ತಿ ಮೇಡಂ" ಎಂದು ಹೇಳಿದಾಗ ಮೈಕಮ್ಮ, ನನಗೇ ಹೇಳಲು ಬಂದೆಯಾ ಎಂಬಂತೆ ನೋಡಿದಳು. ಅವಳ ಸೇವೆಯಲ್ಲಿ ಒಂದು ದಿನವೂ ಮೈಕು ತೆರೆದು ಉಳಿದದ್ದಿಲ್ಲ. ಮಧ್ಯಾಹ್ನದ ಪಾಳಿಯ ಹುಡುಗಿ ಒಮ್ಮೆ ಗುಂಡಿಯಿಂದ ಬೆರಳು ತೆಗೆಯದೆ ಬಿಸ್ಕತ್ತು ಕಡಿದು ಇಡೀ ನಿಲ್ದಾಣಕ್ಕೆ ಕುರುಂ ಕುರುಂ ಕೇಳಿಸಿದ್ದಕ್ಕೆ, ಜವಾಬ್ದಾರಿ ಎಂದರೇನು ಎಂದು ಅವಳನ್ನು ನಿಲ್ಲಿಸಿಕೊಂಡು ಉಪದೇಶ ಮಾಡಿದವಳು ಇವಳೇ.

ಆ ಬೆಳಗ್ಗೆ ಅವಳು ಒಂದು ಬಸ್ಸಿನ ಪ್ರಕಟಣೆ ಮುಗಿಸುತ್ತಿರುವಾಗ ಮಡಿಲಲ್ಲಿದ್ದ ಫೋನು ನಡುಗಿತು. ತಂಗಿ. ಮೈಕಮ್ಮ ಗುಂಡಿ ಒತ್ತಿದಳು. ಮೈಕು ಬಂದ್ ಆಯಿತು. ಚಿಲಕ ನೋಡುವ ಹಾಗೆ, ಗ್ಯಾಸ್ ನೋಡುವ ಹಾಗೆ, ಖಾತ್ರಿಗೆಂದು ಇನ್ನೊಮ್ಮೆ ಒತ್ತಿದಳು. ಆಮೇಲೆ ಫೋನೆತ್ತಿ ಕಿವಿಗೆ ಇಟ್ಟುಕೊಂಡಳು. ಹೊರಗಿನ ಗದ್ದಲ ಒಳಗೆ ಬಾರದಿರಲೆಂದು ಗೂಡಿಗೆ ಎರಡು ಪದರದ ಗಾಜು ಹಾಕಿದ್ದರು. ಹಾಗಾಗಿ ಹೊರಗೆ ತನ್ನದೇ ದನಿ ಮೊಳಗುತ್ತಿರುವುದು ಅವಳಿಗೆ ಕೇಳುವ ಹಾಗಿರಲಿಲ್ಲ.

"ಭಾವನ ಬೆನ್ನು ಹೇಗಿದೆ?" ಎಂದಳು ತಂಗಿ. "ಇನ್ನೂ ಮಲಗೇ ಇದಾರಾ? ಗಂಡಸರ ಬೆನ್ನುನೋವು ಅಂದ್ರೆ ಬರೀ ನಾಟಕ ಅಕ್ಕ. ನೀನು ತಲೆ ಮೇಲೆ ಕೂರಿಸ್ಕೊಂಡಿದೀಯ. ಎಬ್ಬಿಸಿ ಕೆಲಸ ಹಚ್ಚು, ತಾನಾಗಿ ಸರಿಹೋಗುತ್ತೆ."

ಅಷ್ಟೇ. ಅದಕ್ಕಿಂತ ಹೆಚ್ಚೇನೂ ಅವಳು ಅನ್ನಲಿಲ್ಲ, ಪಾಪ. ಆದರೆ ಮೈಕಮ್ಮನ ಬಾಯಿಗೆ ಬಿದ್ದಿದ್ದ ಬೀಗ ಅಲ್ಲಿಗೇ ಕಳಚಿಬಿತ್ತು.

"ನಾಟಕ ಅಲ್ಲ ಕಣೇ! ಕ್ಯಾನ್ಸರು! ರಕ್ತದ ಕ್ಯಾನ್ಸರು! ಕೇಳಿಸ್ತಾ? ರಕ್ತದ ಕ್ಯಾನ್ಸರು!" ಆಮೇಲೆ ದನಿ ತಗ್ಗಿಸಿ, "ಯಾರಿಗೂ ಹೇಳಬಾರದು ಅಂತ ನನ್ನ ಹತ್ರ ಮಾತು ತಗೊಂಡಿದಾರೆ. ನೀನು ಒಬ್ಬರಿಗೂ ಹೇಳಬೇಡ. ನಿನ್ನ ಗಂಡನಿಗೂ ಹೇಳಬೇಡ" ಎಂದಳು. ನಿಲ್ದಾಣದ ಎಲ್ಲ ಕಂಬಗಳ ಸ್ಪೀಕರುಗಳಲ್ಲೂ ಅದು ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಒಳ್ಳೆಯ ಮೈಕು.

"ನಗ್ತಾ ಇರ್ತಾರೆ ಕಣೇ. ಹೊಟ್ಟೆಗೆ ಸೂಜಿ ಚುಚ್ತಾ ಇದ್ರೆ ನರ್ಸ್ ಹತ್ರ ಜೋಕು ಹೊಡೀತಾರೆ. ಬಚ್ಚಲಲ್ಲಿ ಶಿಳ್ಳೆ! ಆ ಶಿಳ್ಳೆ ಕೇಳಿದ್ರೆ ಹೋಗಿ ಒಂದು ಬಕೆಟ್ ತಣ್ಣೀರು ತಲೆ ಮೇಲೆ ಸುರಿದುಬಿಡೋಣ ಅನ್ಸುತ್ತೆ ನಂಗೆ. ಫ್ಯೂಸ್ ಕಟ್ಟೋದು ಹೇಳ್ಕೊಡ್ತಿದಾರೆ ಕಣೇ. ನಂಗೆ ಮೊದಲನೇ ದಿನಾನೇ ಬಂತು. ಬಂದಿಲ್ಲ ಅಂತ ನಾಟಕ ಆಡ್ತಿರೋಳು ನಾನು, ಅವರಲ್ಲ. ಇವಳು ಕಲ್ತ್ಲು, ಇನ್ನು ಯೋಚನೆ ಇಲ್ಲ ಅಂತ ಅವರು ಎದ್ದು ಹೊರಟುಬಿಟ್ರೆ? ಅವರಿಲ್ಲದ ಮನೆಗೆ ದೀಪ ಹತ್ತಿಸ್ಕೊಂಡು ನಾನೇನು ಮಾಡ್ಲಿ ಹೇಳು. ಕತ್ತಲಲ್ಲೇ ಬಿದ್ದಿರ್ತೀನಿ. ನಂಗೆ ಭಯ ಆಗುತ್ತೆ ಕಣೇ. ಒಬ್ಬಳೇ ಇರೋಕೆ ಭಯ ಆಗುತ್ತೆ." ಆಮೇಲೆ ಅವಳು ಅತ್ತಳು. ಮೂಗು ಸೀಟಿದಳು. ಮತ್ತೆ ಅತ್ತಳು.

ಯಾರೋ ಗಾಜು ಬಡಿದರು. ತಲೆಯೆತ್ತಿದರೆ ನಿಲ್ದಾಣದ ಮೇಲ್ವಿಚಾರಕರು ಎರಡೂ ಕೈಯಿಂದ ಮೈಕಿನ ಕಡೆ ತೋರಿಸುತ್ತಿದ್ದಾರೆ. ಅವರ ಹಿಂದೆ ಇಡೀ ನಿಲ್ದಾಣ ನಿಂತು ಅವಳನ್ನೇ ನೋಡುತ್ತಿದೆ. ಹೊರಟ ಬಸ್ಸು ಇಂಜಿನ್ ಆರಿಸಿ ನಿಂತಿದೆ. ಗುರುತಿಲ್ಲದ ಹೆಂಗಸೊಬ್ಬಳು ಟ್ರಂಕಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ದಪ್ಪ ಕಂಡಕ್ಟರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ಬಾಯಿ ತೆರೆದು ನಿಂತಿದ್ದಾನೆ.

ಮೈಕಮ್ಮ ಫೋನು ಕೆಳಗಿಟ್ಟಳು. ಆ ಗಳಿಗೆಯಲ್ಲಿ ಬುದ್ಧಿಯಿದ್ದವರು ಗುಂಡಿ ಒತ್ತಿ ಎದ್ದುಹೋಗುತ್ತಿದ್ದರು. ಅವಳು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಮೈಕಿಗೆ ಬಾಗಿ, "ಪ್ರಯಾಣಿಕರಲ್ಲಿ ವಿನಂತಿ. ಈಗ ತಾನೇ ಕೇಳಿದ್ದನ್ನು ಎಲ್ಲರೂ ದಯವಿಟ್ಟು ಮರೆತುಬಿಡಬೇಕು" ಎಂದಳು. ಎಂದಿನಂತೆ ಅದನ್ನು ಎರಡು ಸಲ ಹೇಳಿದಳು.

ಮೇಲ್ವಿಚಾರಕರು ಬೈಯಲಿಲ್ಲ. ಮನೆಗೆ ಹೋಗಿ ಎಂದರು. ಅವಳು ಪೇಪರ್ ಅಂಗಡಿಯ ಮುಂದೆ ತಲೆ ತಗ್ಗಿಸಿ ಓಡಿದಳು. ದಾರಿಯುದ್ದಕ್ಕೂ ಗಂಡನಿಗೆ ಏನು ಹೇಳಬೇಕೆಂದು ಜೋಡಿಸಿದಳು. ಹೊಸ ಮೈಕು, ಹೊಸ ಗುಂಡಿ, ಕೂರಿಸಿದವನ ತಪ್ಪು, ತಂಗಿಯ ತಪ್ಪು. ಮನೆ ಮುಟ್ಟುವಷ್ಟರಲ್ಲಿ ತನ್ನದೊಂದು ಬೆರಳನ್ನು ಬಿಟ್ಟು ಜಗತ್ತಿನ ಎಲ್ಲರ ತಪ್ಪೂ ಪಟ್ಟಿಯಾಗಿತ್ತು.

ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಸುದ್ದಿ ಅವಳಿಗಿಂತ ಮೊದಲು ಬಂದು ಕೂತಿತ್ತು. ನಡುಮನೆಯ ತುಂಬ ಡಿಪೋದವರು, ಎಲ್ಲರ ಮುಖವೂ ಅವನು ಬೇಡವೆಂದ ಅದೇ ಮುಖ. ನಡುವೆ ಟೈರಣ್ಣ, ಅವನ ಹೆಗಲ ಮೇಲೆ ಬಿದ್ದು ಅಳುತ್ತಿದ್ದ ದಪ್ಪ ಕಂಡಕ್ಟರನ ಬೆನ್ನು ಸವರುತ್ತಾ, "ಆಯ್ತು ಬಿಡೋ, ಆಯ್ತು" ಎಂದು ಸಮಾಧಾನ ಮಾಡುತ್ತಿದ್ದ. ಅವಳು ಒಳಗೆ ಬಂದದ್ದೇ ಎಲ್ಲರೂ ಅವಳ ಕಡೆ ತಿರುಗಿದರು. ಕಂಡಕ್ಟರು ಟವೆಲಿನಿಂದ ಮುಖ ಒರೆಸಿಕೊಂಡು, "ಅತ್ತಿಗೆ, ಫ್ಯೂಸಿನ ಚಿಂತೆ ನೀವು ಮಾಡಬೇಡಿ. ನಾನು ಬದುಕಿರೋವರೆಗೂ ನಾನೇ ಬಂದು ಕಟ್ಟಿಕೊಡ್ತೀನಿ" ಎಂದ.

"ಯಾವ ಫ್ಯೂಸು?" ಎಂದ ಟೈರಣ್ಣ.

ಕಂಡಕ್ಟರು ಮತ್ತೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವಳು ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋಗಿ, ನೀರು ಕುದಿಯಲು ಇಟ್ಟು, ಪುಡಿ ಹಾಕದೆಯೇ ಸೋಸಿ, ಎಲ್ಲರಿಗೂ ಬಿಸಿನೀರು ಕೊಟ್ಟಳು. ಎಲ್ಲರೂ ಅದನ್ನೇ ಊದಿ ಊದಿ ಕುಡಿದರು.

ಅವರೆಲ್ಲ ಹೋದ ಮೇಲೆ ಟೈರಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಹೊಸ ಮೈಕಿನ ಗುಂಡಿಯ ವಿಷಯ ಶುರು ಮಾಡಿದಳು. ಅವನು ಕೈಯೆತ್ತಿ ನಿಲ್ಲಿಸಿದ.

"ಗುಂಡಿ ವಿಷಯ ಬೇಡ. ಮುಂದಿನ ಸಲದಿಂದ ಆಸ್ಪತ್ರೆಗೆ ನಾನೊಬ್ಬನೇ ಹೋಗ್ತೀನಿ."

"ನಾನು ಬರದೇ ಇದ್ರೆ ಹೇಗ್ರೀ?"

"ನನ್ನದು ಅಂತ ಒಂದೇ ಒಂದು ವಿಷಯ ಇತ್ತು. ಅದನ್ನೂ ಬೀದಿಗೆ ಹಾಕಿದೆ. ಇನ್ನು ನಾನೇ ನೋಡ್ಕೋತೀನಿ" ಎಂದು ಹೇಳಿ ಅವನು ಡ್ರೈವರು ಕೊಟ್ಟ ಹಲಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಶಿಳ್ಳೆ ನಿಂತಿತು. ಪಾಠ ನಿಂತಿತು. ಯಾವ ಶಿಳ್ಳೆಯ ಮೇಲೆ ಬಕೆಟ್ ನೀರು ಸುರಿಯಬೇಕೆನ್ನಿಸಿತ್ತೋ ಅದಕ್ಕಾಗಿ ಅವಳು ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ನಿಂತಳು. ನೀರು ಬೀಳುವ ಸದ್ದು ಮಾತ್ರ ಕೇಳಿಸಿತು. ಊಟಕ್ಕೆ ಕರೆದರೆ ಬರುತ್ತಿದ್ದ, ತಿನ್ನುತ್ತಿದ್ದ, ತಟ್ಟೆ ತಾನೇ ತೊಳೆದಿಡುತ್ತಿದ್ದ. ಅಷ್ಟು ಮರ್ಯಾದಸ್ಥನಾದ ಗಂಡನನ್ನು ಅವಳು ಎಂದೂ ಕಂಡಿರಲಿಲ್ಲ, ಮತ್ತು ಒಂದು ಗಳಿಗೆಯೂ ಸಹಿಸಲಾರದೆ ಹೋದಳು. ಕಾಯಿಲೆ ಅವನನ್ನು ಯಾವಾಗ ಕರೆದೊಯ್ಯುತ್ತದೋ ಗೊತ್ತಿಲ್ಲ. ಇವನು ಅದಕ್ಕೂ ಮೊದಲೇ ಎದ್ದುಹೋಗಿ ಪಕ್ಕದ ಕೋಣೆಯಲ್ಲಿ ಕೂತಿದ್ದಾನೆ ಎನ್ನಿಸಿತು. ಹಾಗೆ ಎದ್ದುಹೋಗುವಂತೆ ಮಾಡಿದವಳು ತಾನೇ.

ಇಂಜೆಕ್ಷನ್ ದಿನ ಅವನು ಅಂಗಿ ಹಾಕಿಕೊಂಡು, ಚೀಲ ಹಿಡಿದು ಹೊರಟ. ಅವಳೂ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ಬೇಡ ಅಂದೆನಲ್ಲ" ಎಂದು ಹೇಳಿ ಅವನು ಒಬ್ಬನೇ ಮೆಟ್ಟಿಲಿಳಿದ. ಅವನು ಹತ್ತಿದ ಬಸ್ಸಿನ ಹಿಂದಿನ ಬಸ್ಸನ್ನು ಅವಳು ಹತ್ತಿದಳು. ಊರಿನ ಪ್ರತಿ ಬಸ್ಸಿನ ಹೊತ್ತೂ ಬಾಯಿಪಾಠ ಇದ್ದದ್ದು ಜೀವನದಲ್ಲಿ ಮೊದಲ ಸಲ ಸ್ವಂತಕ್ಕೆ ಉಪಯೋಗಕ್ಕೆ ಬಂತು. ಆಸ್ಪತ್ರೆಯ ಹಾಲಿನಲ್ಲಿ ಒಂದು ಕಂಬದ ಹಿಂದೆ ನಿಂತಳು. ಅವಳೂ ಸಣ್ಣಗಿನವಳಲ್ಲ, ಕಂಬವೂ ದಪ್ಪಗಿನದಲ್ಲ. ಆದರೂ ಕಣ್ಣು ಮುಚ್ಚಿಕೊಂಡ ಮಗುವಿನ ಹಾಗೆ, ತನಗೆ ಅವನು ಕಾಣದಿದ್ದರೆ ಅವನಿಗೂ ತಾನು ಕಾಣುವುದಿಲ್ಲ ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಕಂಬದ ಆಚೆಯಿಂದ ದನಿ ಬಂತು. "ಬಂದು ಕೂತ್ಕೋ. ಜನ ನೋಡ್ತಿದಾರೆ."

ಅವಳು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತಳು. ಇಬ್ಬರೂ ಎದುರಿನ ಗೋಡೆ ನೋಡಿದರು. ಟೋಕನ್ ನರ್ಸು ಸಂಖ್ಯೆಗಳ ಬಾಲ ನುಂಗುತ್ತಲೇ ಇದ್ದಳು.

"ಏನಂದೆ?" ಎಂದ ಅವನು.

"ನಾನೇನೂ ಅನ್ನಲಿಲ್ಲವಲ್ಲ."

"ಈಗಲ್ಲ. ಆವತ್ತು, ಮೈಕಲ್ಲಿ. ಪೇಪರ್ ಅಂಗಡಿಯವನಿಗೆ ಗೊತ್ತು, ಹಲಗೆ ಕೊಟ್ಟ ಡ್ರೈವರಿಗೆ ಗೊತ್ತು. ಯಾರೋ ಟ್ರಂಕ್ ಮೇಲೆ ಕೂತಿದ್ದ ಹೆಂಗಸಿಗೂ ಗೊತ್ತಂತೆ. ಕಾಯಿಲೆ ಹೆಸರು ಮಾತ್ರ ಅಲ್ಲ, ಇನ್ನೇನೋ ಹೇಳಿದ್ಯಂತೆ. ಆ ದಪ್ಪನ್ನ ಕೇಳಿದ್ರೆ ಬಾಯಿ ಬಿಡೋಕೆ ಮುಂಚೆ ಅಳೋಕೆ ಶುರು ಮಾಡ್ತಾನೆ. ಊರಿಗೆಲ್ಲ ಕೇಳಿಸಿದ್ದು ನನಗೊಬ್ಬನಿಗೇ ಕೇಳಿಸಿಲ್ಲ. ಏನಂದೆ?"

ಅವಳು ಬಾಯಿ ತೆರೆದಳು. ಕೆಲಸದ ದನಿ ಬರಲೆಂದು ಕಾದಳು. ಬರಲಿಲ್ಲ. ಅವನ ಮಡಿಲಲ್ಲಿದ್ದ ಚೀಲವನ್ನು ತೆಗೆದುಕೊಂಡು ಜಿಪ್ಪು ಎಳೆದಳು. ಅವನು ಅವಳ ಕೈಯಿಂದ ಚೀಲ ತೆಗೆದು ಕೆಳಗಿಟ್ಟ.

"ಫ್ಯೂಸ್ ಕಟ್ಟೋಕೆ ನಂಗೆ ಬರುತ್ತೆ" ಎಂದಳು ಕೊನೆಗೆ. ಪಕ್ಕದ ಕುರ್ಚಿಯವರಿಗೂ ಕೇಳಿಸದಷ್ಟು ಸಣ್ಣ ದನಿ.

"ಯಾವತ್ತಿಂದ?"

"ಮೊದಲನೇ ದಿನದಿಂದ."

ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಒಂದು ಡಬ್ಬಿ ತಿರುಪು ಹಾಳು ಮಾಡಿದೆಯಲ್ಲೇ, ಮಾರಾಯ್ತಿ" ಎಂದ.

"ನಾನು ಕಲ್ತೆ ಅಂತ ಗೊತ್ತಾದ್ರೆ ನೀವು ನಿಶ್ಚಿಂತೆಯಾಗಿ ಹೋಗಿಬಿಡ್ತೀರ ಅಂತ. ನೀವು ಹಾಗೆ ನಿಶ್ಚಿಂತೆಯಾಗಿರೋದು ನಂಗೆ ಬೇಡ. ನೀವು ನಗ್ತಾ ಇದ್ರೆ ನಂಗೆ ಅಳೋಕೂ ಆಗಲ್ಲ. ಒಬ್ಬಳೇ ಭಯ ಪಟ್ಕೊಂಡು ಸಾಕಾಯ್ತು ಕಣ್ರೀ. ನೀವಿಲ್ಲದ ಮನೇಲಿ ಹೇಗಿರಬೇಕೋ ನಂಗೆ ಗೊತ್ತಿಲ್ಲ. ಅದನ್ನೇ ಹೇಳಿದ್ದು ನಾನು ಆವತ್ತು. ನಿಮಗೆ ಹೇಳಬೇಕಾಗಿದ್ದನ್ನ ಬಸ್ ಸ್ಟ್ಯಾಂಡಿಗೆ ಹೇಳಿದೆ."

ನರ್ಸು ಅವನ ಸಂಖ್ಯೆ ಕೂಗಿದಳು. ಅವನು ಏಳಲಿಲ್ಲ. ಅವನ ಗದ್ದ ಅದುರುತ್ತಿತ್ತು. ಅದನ್ನು ನಿಲ್ಲಿಸಲು ಅಂಗೈಯಿಂದ ಒತ್ತಿ ಹಿಡಿದುಕೊಂಡ.

"ನಂಗೂ ಭಯ ಕಣೇ" ಎಂದ. "ಆ ಡಾಕ್ಟರಮ್ಮ ಹೇಳಿದ ದಿನದಿಂದ. ಶಿಳ್ಳೆ ಹಾಕದೇ ಇದ್ರೆ ಬಚ್ಚಲಲ್ಲಿ ಅಳು ಬಂದುಬಿಡ್ತಿತ್ತು. ನೀನು ಅಷ್ಟು ಗಟ್ಟಿಯಾಗಿ ಜಿಪ್ ಎಳ್ಕೊಂಡು ಕೂತಿರೋವಾಗ ನಾನು ಹೇಗೆ ಅಳ್ಲಿ?"

ಅವಳು ಕೆಳಗಿದ್ದ ಚೀಲ ಎತ್ತಿಕೊಂಡಳು. ಅವನ ತೋಳು ಹಿಡಿದು ಎಬ್ಬಿಸಿದಳು. ನರ್ಸು ಮತ್ತೆ ಕೂಗುವಷ್ಟರಲ್ಲಿ ಇಬ್ಬರೂ ಒಳಗೆ ಹೋದರು.

ಒಳಗೆ ಸಾಲು ಕುರ್ಚಿಗಳಲ್ಲಿ ರೋಗಿಗಳು ಕೂತಿದ್ದರು. ಅವನನ್ನು ಕಂಡ ಕೂಡಲೇ ನರ್ಸು, ಇವತ್ತು ಯಾವ ಜೋಕು ಎಂದು ಮುಗುಳ್ನಗುತ್ತಾ ಸೂಜಿ ತಂದಳು. ಅವನು ಜೋಕು ಹೇಳಲಿಲ್ಲ. ಅಂಗಿ ಎತ್ತಿ, ಇನ್ನೊಂದು ಕೈಯಲ್ಲಿ ಹೆಂಡತಿಯ ಕೈಯನ್ನು ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡ. ಸೂಜಿ ಹೊಟ್ಟೆಗಿಳಿದಾಗ ಟೈರಣ್ಣ, "ಅಯ್ಯೋ ಅಮ್ಮಾ!" ಎಂದು ಇಡೀ ವಾರ್ಡಿಗೆ ಕೇಳಿಸುವಂತೆ ಕೂಗಿದ. ಕುರ್ಚಿಗಳಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಕೂಗುತ್ತಲೇ ಇದ್ದ. ಮೈಕಮ್ಮ ಅವನನ್ನು ಸುಮ್ಮನಿರಿಸಲು ಹೋಗಲಿಲ್ಲ.